ಆಟೋಕ್ರಾಸ್ ಸ್ಪರ್ಧೆಗೆ ಅಲ್ಪವೆಚ್ಚದ ಕಾರು: ಮೊದಲು ಬ್ರೇಕು, ಕೊನೆಗೆ ಎಂಜಿನ್ನು

ಉದ್ಯೋಗವನ್ನರಸಿ ನಾಡಿನಿಂದ ಹೊರಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಎರಡನೆಯ, ಮೂರನೆಯ ತಲೆಮಾರು ಈಗ ಪ್ರಾಯಕ್ಕೆ ಬಂದಿದೆ. ಈ ತರುಣ ತರುಣಿಯರಲ್ಲಿ ಹಲವರಿಗೆ ಕಾರು ಕೇವಲ ಊರು ಸುತ್ತುವ ವಾಹನವಲ್ಲ. ಬಿಚ್ಚಿ ನೋಡಬೇಕೆನ್ನಿಸುವ, ಓಡಿಸಿ ಪರೀಕ್ಷಿಸಬೇಕೆನ್ನಿಸುವ ಯಂತ್ರ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ತಕ್ಕ ನೆಲ ದೊರೆಯದಾಗ ಅದು ನಡುರಾತ್ರಿಯ ಮೇಲ್ಸೇತುವೆಗಳನ್ನೂ ವರ್ತುಲ ರಸ್ತೆಗಳನ್ನೂ ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಸಂಭವಿಸುವ ಅನಾಹುತಕ್ಕೆ ಓಡಿಸುವವನಷ್ಟೇ ಅಲ್ಲ, ಏನೂ ಅರಿಯದ ದಾರಿಹೋಕನೂ ಬಲಿಯಾಗುತ್ತಾನೆ. ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಅನುಮತಿಯಿಲ್ಲದೆ ವೇಗಸ್ಪರ್ಧೆ ನಡೆಸುವುದು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೮೯ನೆಯ ಕಲಮಿನಂತೆ ಅಪರಾಧ. ೨೦೧೯ರ ತಿದ್ದುಪಡಿಯ ಅನಂತರ ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ೫,೦೦೦ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ.

ಈ ಹುಮ್ಮಸ್ಸಿಗೆ ಸಭ್ಯವೂ ಸುರಕ್ಷಿತವೂ ಆದ ದಾರಿಯೊಂದಿದೆ. ಅದೇ ಆಟೋಕ್ರಾಸ್. ಮಧ್ಯಮ ವರ್ಗದ ಕಿಸೆಗೆ ನಿಲುಕುವಂತೆ ಇದಕ್ಕೊಂದು ಕಾರನ್ನು ಸಿದ್ಧಪಡಿಸುವುದು ಹೇಗೆ, ಹಣವನ್ನು ಎಲ್ಲಿ ಮೊದಲು ವ್ಯಯಿಸಬೇಕು, ಶರೀರವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಟೋಕ್ರಾಸ್ ಎಂದರೇನು?

ವಿಶಾಲವಾದ ಬಯಲಿನಲ್ಲಿ ಕೋನ್‌ಗಳನ್ನೋ ಹಳೆಯ ಟೈರುಗಳನ್ನೋ ಇರಿಸಿ ಅಂಕುಡೊಂಕಾದ ಹಾದಿಯೊಂದನ್ನು ಗುರುತಿಸುತ್ತಾರೆ. ಸಾಮಾನ್ಯವಾಗಿ ಒಂದೊಂದೇ ಕಾರು ಅದರಲ್ಲಿ ಓಡುತ್ತದೆ. ಎದುರಾಳಿ ಪಕ್ಕದ ಕಾರಲ್ಲ, ಗಡಿಯಾರ. ಅತಿ ಕಡಿಮೆ ಸಮಯದಲ್ಲಿ ಹಾದಿಯನ್ನು ಕ್ರಮವಾಗಿ ಮುಗಿಸಿದವರೇ ಗೆದ್ದವರು; ಕೋನ್ ಕೆಡವಿದರೆ ದಂಡವಾಗಿ ಕೆಲವು ಸೆಕೆಂಡುಗಳು ಸೇರುತ್ತವೆ. ತಿರುವುಗಳು ಮೇಲಿಂದ ಮೇಲೆ ಬರುವುದರಿಂದ ವೇಗ ಮಿತಿಮೀರುವುದಿಲ್ಲ. ಗುದ್ದಲು ಎದುರಿಗೆ ಮತ್ತೊಂದು ವಾಹನವಿಲ್ಲ.

ಅಮೆರಿಕದಲ್ಲಿ ವಾಹನ ನಿಲ್ದಾಣಗಳ ವಿಶಾಲ ಡಾಂಬರು ನೆಲದ ಮೇಲೆ ಈ ಆಟ ಬೆಳೆಯಿತು. ೧೯೪೪ರಲ್ಲಿ ಸ್ಥಾಪಿತವಾದ ‘ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ’ ೧೯೭೩ರಿಂದ ಇದಕ್ಕೆ ರಾಷ್ಟ್ರೀಯ ಸ್ಪರ್ಧೆ ಏರ್ಪಡಿಸುತ್ತ ಬಂದಿದೆ. ಇಂಗ್ಲೆಂಡಿನಲ್ಲಿ ಇದೇ ಹೆಸರಿನ ಆಟ ಹುಲ್ಲುಗಾವಲಿನಲ್ಲಿ ನಡೆಯುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಮಣ್ಣಿನ ಬಯಲೇ ಇದರ ಕಣ. ಚೆನ್ನೈಯಲ್ಲಿರುವ ಭಾರತೀಯ ಮೋಟಾರು ಕ್ರೀಡಾ ಸಂಘಗಳ ಒಕ್ಕೂಟ, ಎಂದರೆ ಎಫ್.ಎಂ.ಎಸ್.ಸಿ.ಐ., ಇದರ ನಿಯಮಗಳನ್ನು ರೂಪಿಸುತ್ತದೆ.

ಚೆನ್ನೈಯ ಓದುಗರಿಗೆ ಈ ಪರಂಪರೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದ ಶೋಲಾವರಂ ವಿಮಾನ ಓಡುದಾರಿಯ ಮೇಲೆ ದಶಕಗಳ ಕಾಲ ಮೋಟಾರು ಪಂದ್ಯಗಳು ನಡೆದವು. ಅವನ್ನು ನಡೆಸಿದ ಮದರಾಸು ಮೋಟಾರು ಕ್ರೀಡಾ ಸಂಘ ೧೯೯೦ರಲ್ಲಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ತನ್ನದೇ ಪಂದ್ಯಪಥವನ್ನು ತೆರೆಯಿತು. ನಮ್ಮ ಕರ್ನಾಟಕ ಮೋಟಾರು ಕ್ರೀಡಾ ಸಂಘ ನಡೆಸುವ ‘ಕೆ-೧೦೦೦’ ರ‍್ಯಾಲಿಯ ಹೆಸರನ್ನೂ, ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಗಳಲ್ಲಿ ನಡೆಯುವ ರ‍್ಯಾಲಿಗಳ ವಾರ್ತೆಯನ್ನೂ ಹಲವರು ಕೇಳಿರಬಹುದು. ದೆಹಲಿಯ ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ ೨೦೧೯ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. ಇದು ಪೋಕರಿಗಳ ಆಟವಲ್ಲವೆಂಬುದಕ್ಕೆ ಇಷ್ಟು ಸಾಕು.

ತಿರುವಿನ ಲೆಕ್ಕ

ಓಟದ ಕಾರೆಂದೊಡನೆ ದೊಡ್ಡ ಎಂಜಿನ್ನು, ಅಬ್ಬರದ ಸೈಲೆನ್ಸರು ಕಣ್ಣಮುಂದೆ ಬರುತ್ತವೆ. ಆಟೋಕ್ರಾಸಿನಲ್ಲಿ ಈ ಕಲ್ಪನೆ ನಿಲ್ಲದು. ಇದನ್ನು ಶಾಲೆಯಲ್ಲಿ ಕಲಿತ ಭೌತವಿಜ್ಞಾನದಿಂದಲೇ ತಿಳಿಯಬಹುದು.

ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಟೈರಿನ ಸ್ಪರ್ಶವೂ ಹೆಚ್ಚುಕಡಿಮೆ ಅಂಗೈಯಷ್ಟು ಅಗಲ. ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ಒಣ ಡಾಂಬರಿನ ಮೇಲೆ ಈ ಹಿಡಿತ ಕಾರಿನ ತೂಕದ ಶೇಕಡಾ ೮೦ರಷ್ಟಿದೆಯೆಂದು ಇಟ್ಟುಕೊಳ್ಳೋಣ. ಆಗ ೧೫ ಮೀಟರು ತ್ರಿಜ್ಯದ ತಿರುವನ್ನು ಗಂಟೆಗೆ ಸುಮಾರು ೩೯ ಕಿಲೋಮೀಟರಿಗಿಂತ ವೇಗವಾಗಿ ದಾಟಲು ಸಾಧ್ಯವಿಲ್ಲ. ಸಡಿಲ ಮಣ್ಣಿನ ಮೇಲೆ ಹಿಡಿತ ಅರ್ಧಕ್ಕಿಳಿದರೆ ಆ ಮಿತಿ ಸುಮಾರು ೨೮ ಕಿಲೋಮೀಟರು. ಎಂಜಿನ್ನು ೪೦ ಅಶ್ವಶಕ್ತಿಯದಿರಲಿ, ೧೪೦ರದಿರಲಿ, ಈ ಮಿತಿ ಬದಲಾಗದು. ಹಿಡಿತ ಹೆಚ್ಚಿದರೆ ಮಾತ್ರ ಮಿತಿ ಹೆಚ್ಚುತ್ತದೆ.

ನಿಲುಗಡೆಯ ಲೆಕ್ಕ ಇನ್ನೂ ಕಠಿನ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಮೇಲೆ ಹೇಳಿದ ಒಣ ಡಾಂಬರಿನ ಮೇಲೆ ೩೦ ಕಿಲೋಮೀಟರು ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು ನಾಲ್ಕೂವರೆ ಮೀಟರಿನಲ್ಲಿ ನಿಂತರೆ, ೬೦ ಕಿಲೋಮೀಟರು ವೇಗದ್ದು ೧೮ ಮೀಟರು ಓಡುತ್ತದೆ. ಸಡಿಲ ಮಣ್ಣಿನಲ್ಲಿ ಸುಮಾರು ೩೫ ಮೀಟರು. ಆದುದರಿಂದ ಈ ಆಟದಲ್ಲಿ ಹಣ ಕೊಟ್ಟು ಕೊಳ್ಳತಕ್ಕದ್ದು ಹಿಡಿತವನ್ನು ಮತ್ತು ನಿಲ್ಲುವ ಸಾಮರ್ಥ್ಯವನ್ನು. ವೇಗ ಅವುಗಳ ಹಿಂದೆ ತಾನಾಗಿ ಬರುತ್ತದೆ.

ಕಾರಿನ ಆಯ್ಕೆ

ಕಾರು ಹಗುರವಾಗಿರಬೇಕು, ಸರಳವಾಗಿರಬೇಕು, ಬಿಡಿಭಾಗಗಳು ಸುಲಭವಾಗಿ ಸಿಗುವಂತಿರಬೇಕು. ಈ ಮೂರು ಗುಣಗಳಿಂದ ಹಳೆಯ ಮಾರುತಿ ಕಾರುಗಳು ನಮ್ಮ ಹವ್ಯಾಸಿಗಳಿಗೆ ಪ್ರಿಯವಾಗಿವೆ. ೧೯೮೩ರ ಡಿಸೆಂಬರಿನಲ್ಲಿ ಜನರ ಕೈಸೇರಿ, ೨೦೧೪ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ ೮೦೦ರ ತೂಕ ಸುಮಾರು ೬೫೦ ಕಿಲೋ. ಎಂಜಿನ್ನು ಮೂರು ಸಿಲಿಂಡರಿನ, ೭೯೬ ಸಿ.ಸಿ.ಯದು. ೧೯೯೩ರಲ್ಲಿ ಬಂದ ಝೆನ್ ಅದಕ್ಕಿಂತ ಸ್ವಲ್ಪ ಬಲಿಷ್ಠ, ೯೯೩ ಸಿ.ಸಿ.ಯದು. ಎಸ್ಟೀಮ್ ಮತ್ತು ಜಿಪ್ಸಿಗಳು ರ‍್ಯಾಲಿಗಳಲ್ಲಿ ಬಹುಕಾಲ ಮೆರೆದವು. ಹೊಸಬರಿಗೆ ಮೊದಲಿನ ಎರಡೇ ಸಾಕು.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ತುಕ್ಕನ್ನು ನೋಡಬೇಕು, ಸಮುದ್ರದ ಗಾಳಿ ಬೀಸುವ ಮುಂಬಯಿ, ಚೆನ್ನೈಗಳ ಕಾರುಗಳಲ್ಲಿ ಇದು ಮುಖ್ಯ. ಮುಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗ, ಹಿಂದಿನ ಸಸ್ಪೆನ್ಷನ್ ಸೇರುವ ಜಾಗ, ಸೀಟು ಬೆಲ್ಟಿನ ಬೋಲ್ಟು ಹಿಡಿದಿರುವ ಜಾಗ ಇವು ಕೊಳೆತಿದ್ದರೆ ಆ ಕಾರನ್ನು ಪುಕ್ಕಟೆ ಕೊಟ್ಟರೂ ಬೇಡ. ಎಂಜಿನ್ನು ದಣಿದಿದ್ದರೆ ಬದಲಿಸಬಹುದು. ಅಪಘಾತದಲ್ಲಿ ಸೊಟ್ಟಗಾದ ಒಡಲನ್ನು ಅಗ್ಗವಾಗಿ ನೆಟ್ಟಗೆ ಮಾಡಲಾಗದು. ನೋಂದಣಿ ಪತ್ರವನ್ನೂ ಪರೀಕ್ಷಿಸಬೇಕು. ಖಾಸಗಿ ಕಾರಿನ ನೋಂದಣಿಯ ಅವಧಿ ೧೫ ವರ್ಷ. ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿ ಸೀಮೆಯಲ್ಲಿ ಹಳೆಯ ವಾಹನಗಳ ಮೇಲಿನ ನಿರ್ಬಂಧ ಇನ್ನಷ್ಟು ಬಿಗಿಯಾದುದರಿಂದ ಅಲ್ಲಿಯವರು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ನೂರು ರೂಪಾಯಿಯ ಹಂಚಿಕೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. ಕೈಯಲ್ಲಿರುವ ಹಣ ಎಷ್ಟೇ ಇರಲಿ, ಅದನ್ನು ನೂರು ರೂಪಾಯಿಯೆಂದು ಭಾವಿಸಿ ಹೀಗೆ ಹಂಚಬಹುದು: ಕಾರಿನ ಖರೀದಿಗೆ ೪೦, ಬ್ರೇಕು, ಸ್ಟಿಯರಿಂಗ್, ಸಸ್ಪೆನ್ಷನ್‌ಗಳ ದುರಸ್ತಿಗೆ ೨೦, ಟೈರುಗಳಿಗೆ ೧೫, ಹೆಲ್ಮೆಟ್, ಬೆಲ್ಟು, ಬೆಂಕಿ ಆರಿಸುವ ಸಾಧನಗಳಿಗೆ ೧೫, ಅನಿರೀಕ್ಷಿತ ವೆಚ್ಚಕ್ಕೆ ೧೦. ಎಂಜಿನ್ನಿನ ಶಕ್ತಿ ಹೆಚ್ಚಿಸುವುದಕ್ಕೆ ಮೊದಲ ವರ್ಷ ಸೊನ್ನೆ.

ಈ ವಿವೇಕಕ್ಕೆ ಹೊರದೇಶದ ನಿದರ್ಶನವೊಂದುಂಟು. ಅಮೆರಿಕದಲ್ಲಿ ೨೦೦೬ರಲ್ಲಿ ಆರಂಭವಾದ ‘೨೪ ಅವರ್ಸ್ ಆಫ್ ಲೆಮನ್ಸ್’ ಎಂಬ ಹಾಸ್ಯಮಯ ಪಂದ್ಯಮಾಲೆಯಲ್ಲಿ ಕಾರಿನ ಬೆಲೆ ೫೦೦ ಡಾಲರಿಗೆ ಮೀರಕೂಡದೆಂದು ನಿಯಮ. ಆದರೆ ಬ್ರೇಕು, ಟೈರು, ಚಕ್ರ, ರಕ್ಷಣಾಪಂಜರ, ಬೆಲ್ಟುಗಳ ವೆಚ್ಚವನ್ನು ಈ ಮಿತಿಯಿಂದ ಹೊರಗಿಟ್ಟಿದ್ದಾರೆ. ನಗೆಯಾಟಕ್ಕೆಂದು ಹುಟ್ಟಿದ ಪಂದ್ಯವೂ ಪ್ರಾಣರಕ್ಷಣೆಯಲ್ಲಿ ಜಿಪುಣತನವನ್ನು ಒಪ್ಪಿಲ್ಲ.

ಮುಂಬಯಿಯ ಕುರ್ಲಾ, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿಗಳ ಗುಜರಿ ಅಂಗಡಿಗಳು ಹವ್ಯಾಸಿಗೆ ಕಾಮಧೇನು. ಬಾಗಿಲು, ಗಾಜು, ದೀಪ, ಬಂಪರು, ಚಕ್ರದ ಮುಚ್ಚಳ ಮುಂತಾದವನ್ನು ಅಲ್ಲಿ ಧಾರಾಳವಾಗಿ ಕೊಳ್ಳಬಹುದು. ಆದರೆ ಟೈರು, ಬ್ರೇಕಿನ ಭಾಗ, ಸೀಟು ಬೆಲ್ಟು, ಸ್ಟಿಯರಿಂಗಿನ ಸಂದುಗಳು ಇವನ್ನು ಗುಜರಿಯಿಂದ ಎಂದಿಗೂ ತರಕೂಡದು. ಅವುಗಳೊಳಗಿನ ದೋಷ ಕಣ್ಣಿಗೆ ಕಾಣುವಂಥದಲ್ಲ.

ಕೆಲಸದ ಕ್ರಮ

ಬ್ರೇಕು: ಮೊದಲು ಬ್ರೇಕು ಎಣ್ಣೆಯನ್ನು ಪೂರ್ತಿಯಾಗಿ ಬದಲಿಸಬೇಕು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ‘ಡಾಟ್ ೩’ ದರ್ಜೆಯ ಹೊಸ ದ್ರವ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವಗೊಂಡದ್ದಕ್ಕೆ ಈ ಮಿತಿ ೧೪೦ ಡಿಗ್ರಿ ಮಾತ್ರ. ಕುದಿದು ಗುಳ್ಳೆಯೆದ್ದರೆ ಪೆಡಲು ಸ್ಪಂಜಿನಂತೆ ಒಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ‘ಡಾಟ್ ೪’ರ ಮಿತಿಗಳು ೨೩೦ ಮತ್ತು ೧೫೫ ಡಿಗ್ರಿ. ಅಲ್ಪವೆಚ್ಚದಲ್ಲಿ ಇದಕ್ಕಿಂತ ದೊಡ್ಡ ರಕ್ಷಣೆಯಿಲ್ಲ. ಜೊತೆಗೆ ಸವೆದ ಪ್ಯಾಡು, ಬಿರುಕು ಬಿಟ್ಟ ರಬ್ಬರು ಹೋಸುಗಳನ್ನೂ ಬದಲಿಸಬೇಕು.

ಸಸ್ಪೆನ್ಷನ್: ಹಳೆಯ ಕಾರಿನ ಬುಷ್‌ಗಳು, ಬಾಲ್ ಜಾಯಿಂಟುಗಳು ಸಡಿಲವಾಗಿದ್ದರೆ ಸ್ಟಿಯರಿಂಗ್ ತಿರುಗಿಸಿದ್ದೊಂದು, ಚಕ್ರ ತಿರುಗಿದ್ದೊಂದು ಆಗುತ್ತದೆ. ಇವು ದುಬಾರಿಯಲ್ಲ. ಇವನ್ನೂ ಸೋರುವ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಕಾರಿನ ನಡೆಯೇ ಬೇರೆಯಾಗುತ್ತದೆ. ಸ್ಪ್ರಿಂಗುಗಳನ್ನು ಕತ್ತರಿಸಿ ಕಾರನ್ನು ತಗ್ಗಿಸುವುದು ಅಪಾಯಕರ. ಕತ್ತರಿಸಿದ ಸ್ಪ್ರಿಂಗು ತನ್ನ ನೆಲೆಯಲ್ಲಿ ಸರಿಯಾಗಿ ಕೂರುವುದಿಲ್ಲ.

ಟೈರು: ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಸೂಚಿಸುತ್ತವೆ. ಹಲ್ಲು ಎಷ್ಟೇ ಆಳವಿದ್ದರೂ ಮುದಿಯಾದ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಡಾಂಬರಿನ ಮೇಲೆ ಗಾಳಿಯ ಒತ್ತಡವನ್ನು ಹೊಂದಿಸಲು ಸುಲಭೋಪಾಯವೆಂದರೆ ಸೀಮೆಸುಣ್ಣ. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು ಒಂದು ಸುತ್ತು ಓಡಿಸಿ ನೋಡಬೇಕು. ಸುಣ್ಣ ಪಕ್ಕದ ಗೋಡೆಯ ತನಕ ಅಳಿಸಿದ್ದರೆ ಗಾಳಿ ಸಾಲದು. ಹಲ್ಲಿನ ಅಂಚಿನಲ್ಲೂ ಅಳಿಸದೆ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ ಎಂದರ್ಥ.

ತೂಕ: ೬೫೦ ಕಿಲೋ ಕಾರಿನಿಂದ ೫೦ ಕಿಲೋ ಇಳಿಸಿದರೆ ಸುಮಾರು ಶೇಕಡಾ ೮ರಷ್ಟು ಹೊರೆ ತಗ್ಗಿತು, ಖರ್ಚು ಮಾತ್ರ ಏನೂ ಇಲ್ಲ. ನಿಯಮ ಅನುಮತಿಸಿದಲ್ಲಿ ಸ್ಟೆಪ್ನಿ, ಜಾಕಿ, ಹಿಂದಿನ ಆಸನ, ಸ್ಪೀಕರುಗಳನ್ನು ತೆಗೆಯಬಹುದು. ಕಾರಿನೊಳಗೆ ಸಡಿಲ ವಸ್ತು ಯಾವುದೂ ಇರಕೂಡದು. ಉರುಳಿ ಬಂದ ನೀರಿನ ಬಾಟಲಿಯೊಂದು ಬ್ರೇಕು ಪೆಡಲಿನ ಅಡಿ ಸಿಕ್ಕಿಕೊಂಡರೆ ಮೇಲಿನ ಎಲ್ಲ ವೆಚ್ಚವೂ ವ್ಯರ್ಥ. ಬ್ಯಾಟರಿಯನ್ನು ಬಿಗಿದು ಕಟ್ಟಿ ಅದರ ತುದಿಗಳನ್ನು ಮುಚ್ಚಿರಬೇಕು.

ಎಂಜಿನ್ನು: ಹೊಸ ಎಣ್ಣೆ, ಶುಚಿಯಾದ ಗಾಳಿ ಸೋಸಕ, ಸೋರದ ರೇಡಿಯೇಟರು, ಸಮಯಕ್ಕೆ ಬದಲಿಸಿದ ಟೈಮಿಂಗ್ ಬೆಲ್ಟು ಇಷ್ಟಿದ್ದರೆ ಆಯಿತು.

ಪ್ರಾಣರಕ್ಷಣೆ

ಹೆಲ್ಮೆಟ್ ಯಾವ ದರ್ಜೆಯದಿರಬೇಕೆಂದು ಸ್ಪರ್ಧೆಯ ನಿಯಮಪತ್ರದಲ್ಲಿ ಓದಿಕೊಂಡೇ ಕೊಳ್ಳಬೇಕು. ಕಾರು ಪಂದ್ಯಕ್ಕೆಂದೇ ಮಾಡಿದ ಹೆಲ್ಮೆಟ್‌ಗಳ ಒಳಪದರ ಬೆಂಕಿಯನ್ನು ತಡೆಯುವಂಥದು. ಮೋಟಾರು ಸೈಕಲ್ಲಿನದಕ್ಕೆ ಆ ಗುಣ ಕಡ್ಡಾಯವಲ್ಲ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಧರಿಸಕೂಡದು.

ಕಾರು ಉರುಳಿದಾಗ ಛಾವಣಿ ಕುಸಿಯದಂತೆ ಉಕ್ಕಿನ ಕೊಳವೆಗಳ ಪಂಜರ ಅಳವಡಿಸುವುದುಂಟು. ಇದನ್ನು ನಿಯಮದಲ್ಲಿ ಹೇಳಿದ ಉಕ್ಕಿನಿಂದ, ತಿಳಿದವರಿಂದ ಮಾಡಿಸಬೇಕು. ನೀರಿನ ಕೊಳವೆಯನ್ನು ಬೆಸೆದು ಮಾಡಿದ ಪಂಜರ ಮುರಿದು ಈಟಿಯಾದೀತು. ಪಂಜರವಿರುವ ಕಾರನ್ನು ಹೆಲ್ಮೆಟ್ ಇಲ್ಲದೆ ಊರೊಳಗೆ ಓಡಿಸುವುದು ಕೂಡ ತಪ್ಪು. ಸಣ್ಣ ಡಿಕ್ಕಿಯಲ್ಲೂ ಬರಿದಲೆ ಉಕ್ಕಿಗೆ ಬಡಿಯುತ್ತದೆ.

ಶೆಡ್ಡಿನಲ್ಲಿ ಎಚ್ಚರ

ಸ್ಪರ್ಧೆಯ ಕಣದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಮನೆಯ ಶೆಡ್ಡಿನಲ್ಲಿಯೇ ಮೈಮರೆಯುವುದು. ಬರಿಯ ಜಾಕಿಯನ್ನು ನಂಬಿ ಕಾರಿನಡಿಗೆ ಹೋಗಬಾರದು. ಗಟ್ಟಿ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟ ಮೇಲೆಯೇ ತಲೆ ತೂರಿಸಬೇಕು. ಇಟ್ಟಿಗೆಯ ರಾಶಿ ಒಮ್ಮೆಗೇ ಪುಡಿಯಾಗಬಲ್ಲದು.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದನ್ನು ಅಪ್ಪಿಕೊಳ್ಳುವುದರಿಂದ, ತಲೆನೋವು ಬಂದು ಏಳುವ ಮೊದಲೇ ಪ್ರಜ್ಞೆ ತಪ್ಪಬಹುದು. ಹಳೆಯ ಬ್ರೇಕು ಲೈನಿಂಗುಗಳಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್ಮಿನ ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಪೆಟ್ರೋಲಿನಲ್ಲಿ ಕೈ ತೊಳೆಯುವ ಚಾಳಿಯನ್ನೂ ಬಿಡಬೇಕು. ಅದರಲ್ಲಿರುವ ಬೆಂಜೀನು ಚರ್ಮದ ಮೂಲಕವೂ ಒಳಸೇರುತ್ತದೆ.

ಚಾಲಕನ ಶರೀರ

ಕಾರಿನ ಅತಿಮುಖ್ಯ ಭಾಗ ಚಾಲಕನೇ. ಬೆನ್ನು ಆಸನಕ್ಕೆ ಪೂರ್ತಿ ಒರಗಿದ್ದಾಗ ಚಾಚಿದ ಕೈಯ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚನ್ನು ಮುಟ್ಟಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಕೊಂಚ ಮಡಿಚಿರಬೇಕು. ಹೀಗೆ ಕುಳಿತರೆ ಭುಜ, ಸೊಂಟಗಳಿಗೆ ಆಯಾಸ ಕಡಿಮೆ, ನಿಯಂತ್ರಣ ಹೆಚ್ಚು.

ಬಿಸಿಲಲ್ಲಿ ನಿಂತ ಕಾರಿನೊಳಗೆ ಹೆಲ್ಮೆಟ್ ಧರಿಸಿ ಸರದಿ ಕಾಯುವಾಗ ಶರೀರ ಬಹಳ ನೀರು, ಉಪ್ಪನ್ನು ಕಳೆದುಕೊಳ್ಳುತ್ತದೆ. ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯುತ್ತಿರಬೇಕು. ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದ ಪಾನಕ ಉಪಯುಕ್ತ. ಮಧುಮೇಹ, ರಕ್ತದೊತ್ತಡಗಳಿರುವವರು ವೈದ್ಯರನ್ನು ಕೇಳಿ ಕುಡಿಯಬೇಕು. ಮೈ ಕಾದು, ಮಾತು ತೊದಲಿ, ಗೊಂದಲಗೊಂಡವರಿಗೆ ಬಿಸಿಲಿನ ಆಘಾತವಾಗಿದೆಯೆಂದು ತಿಳಿದು, ಕೂಡಲೆ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಉಡುಪು ಹತ್ತಿಯದಿರಲಿ, ಪಾಲಿಯೆಸ್ಟರು ಬೆಂಕಿಗೆ ಕರಗಿ ಚರ್ಮಕ್ಕಂಟುತ್ತದೆ. ಹಿಂದಿನ ರಾತ್ರಿ ನಿದ್ದೆಗೆಟ್ಟವರು, ಮದ್ಯ ಸೇವಿಸಿದವರು, ಮಂಪರು ತರುವ ನೆಗಡಿಯ ಮಾತ್ರೆ ನುಂಗಿದವರು ಆ ದಿನ ಪ್ರೇಕ್ಷಕರಾಗಿಯೇ ಉಳಿಯಲಿ. ಹೃದ್ರೋಗ, ಮೂರ್ಛೆರೋಗಗಳ ಇತಿಹಾಸವಿರುವವರು ವೈದ್ಯರ ಸಮ್ಮತಿಯಿಲ್ಲದೆ ಸ್ಪರ್ಧಿಸಲೇಬಾರದು.

ಕಾನೂನಿನ ಎರಡು ಮಾತು

ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಆದುದರಿಂದ ಪಂದ್ಯಕ್ಕೆಂದು ಬದಲಿಸಿದ ಕಾರನ್ನು ರಸ್ತೆಯಲ್ಲಿ ಓಡಿಸದೆ ಲಾರಿಯ ಮೇಲೆ ಸಾಗಿಸುವುದೇ ಕ್ರಮ. ಹೊಸಬರು ಮಾರ್ಪಾಡುಗಳಿಲ್ಲದೆ, ಕೇವಲ ಸುಸ್ಥಿತಿಗೆ ತಂದ ಕಾರಿನಲ್ಲಿ ಆರಂಭಿಸಿದರೆ ಈ ತೊಡಕಿಲ್ಲ. ಸಾಮಾನ್ಯ ಮೋಟಾರು ವಿಮೆ ಸ್ಪರ್ಧೆಯ ವೇಳೆಯ ನಷ್ಟವನ್ನು ಭರಿಸುವುದಿಲ್ಲವೆಂಬುದೂ ನೆನಪಿರಲಿ. ಸಂಘಟಕರು ಅಧಿಕೃತ ಸಂಘದವರೇ, ಕಣದಲ್ಲಿ ಆಂಬುಲೆನ್ಸು ಮತ್ತು ವೈದ್ಯರಿದ್ದಾರೆಯೇ, ಪ್ರೇಕ್ಷಕರನ್ನು ದೂರ ನಿಲ್ಲಿಸಿದ್ದಾರೆಯೇ ಎಂದು ನೋಡಿ, ಇಲ್ಲವಾದರೆ ಹಿಂದಿರುಗುವುದೇ ಜಾಣತನ.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಮಗನೋ ಮಗಳೋ ವೇಗದ ಮಾತೆತ್ತಿದಾಗ ಬರಿಯ ಗದರಿಕೆಯಿಂದ ಆ ಆಸೆ ಅಡಗುವುದಿಲ್ಲ, ಕಣ್ಮರೆಯಾಗಿ ರಸ್ತೆಗಿಳಿಯುತ್ತದೆ. ಅದರ ಬದಲು ಭಾನುವಾರ ಅವರೊಡನೆ ಕುಳಿತು ಹಳೆಯ ಕಾರೊಂದರ ಬ್ರೇಕನ್ನು ಬಿಚ್ಚಿ ಜೋಡಿಸಿ ನೋಡಿ. ನಿಲ್ಲುವುದು ಎಷ್ಟು ಕಷ್ಟವೆಂದು ಕೈಯಾರೆ ಕಲಿತವರು ನಗರದ ದಾರಿಯಲ್ಲಿ ಮುಂದಿನ ವಾಹನದಿಂದ ತಾವಾಗಿಯೇ ಅಂತರ ಬಿಟ್ಟು ಓಡಿಸುತ್ತಾರೆ. ಬಹುಮಾನ ಬರಲಿ, ಬಾರದಿರಲಿ, ಸಂಜೆ ಎಲ್ಲರೂ ಕ್ಷೇಮವಾಗಿ ಮನೆ ಸೇರಿದರೆ ಖರ್ಚು ಮಾಡಿದ ಹಣ ಸಾರ್ಥಕವಾಯಿತೆಂದೇ ಭಾವಿಸಬೇಕು.